ಹುಲಿ, ಹುಳಿ ಮತ್ತು ನಾಲ್ಕು ಟ್ರಾನ್ಸಿಸ್ಟರುಗಳು

ಉಕ್ತಲೇಖನದಲ್ಲಿ ‘ಹುಲಿ’ ಎಂದದ್ದನ್ನು ಹಿಂದಿನ ಬೆಂಚಿನ ಮಗು ‘ಹುಳಿ’ ಎಂದು ಬರೆದರೆ ಅಂಕ ಹೋಗುವುದು ಮಗುವಿನದು. ಹೇಳಿದವರು ಎದುರಿಗೆ ನಿಂತ ಗುರುಗಳೇ ಆಗಿದ್ದರೆ ಆ ತೀರ್ಪಿಗೆ ತಲೆಬಾಗಬಹುದು. ಆದರೆ ಪಾಠವು ಮೊಬೈಲಿನಲ್ಲಿ ಮುದ್ರಿತವಾಗಿದ್ದು, ಅದನ್ನು ಕೋಣೆಗೆಲ್ಲ ಕೇಳಿಸಿದ್ದು ಗೋಡೆಯ ಮೊಳೆಗೆ ತೂಗುಹಾಕಿದ ಹಳೆಯ ಸ್ಪೀಕರು ಎಂದಾದರೆ, ಶಿಕ್ಷೆ ವಿಧಿಸುವ ಮುನ್ನ ಇನ್ನೊಬ್ಬ ಸಾಕ್ಷಿಯನ್ನು ಕಟಕಟೆಗೆ ಕರೆಯಬೇಕಾಗುತ್ತದೆ. ಆ ಸಾಕ್ಷಿಯ ಹೆಸರು ಆಂಪ್ಲಿಫೈಯರ್. ಪಠ್ಯಪುಸ್ತಕದ ಭಾಷೆಯಲ್ಲಿ ವರ್ಧಕ.

ಧಾರೂರು, ತಾಂಡೂರು, ನಾರಾಯಣಖೇಡ, ಜಹೀರಾಬಾದುಗಳ ಕನ್ನಡ ಮನೆಗಳಿಗೆ ಇದು ಸಣ್ಣ ಸಂಗತಿಯಲ್ಲ. ಕಲಬುರಗಿಯ ಮಗುವಿಗೆ ಒಂದು ಅಕ್ಷರ ತರಗತಿಯಲ್ಲಿ ಅಸ್ಪಷ್ಟವಾಗಿ ಕೇಳಿಸಿದರೆ ಸಂಜೆ ಅಂಗಡಿಯಲ್ಲಿ, ಬಸ್ಸಿನಲ್ಲಿ, ಓಣಿಯಲ್ಲಿ ಹತ್ತು ಸಲ ಸ್ಪಷ್ಟವಾಗಿ ಕೇಳಿಸುತ್ತದೆ. ಇಲ್ಲಿಯ ಮಗುವಿಗೆ ಸಂತೆಯಲ್ಲಿ ತೆಲುಗು, ಬಸ್ ನಿಲ್ದಾಣದಲ್ಲಿ ದಖನಿ. ಕನ್ನಡವು ಮನೆ ಮತ್ತು ತರಗತಿಗಳೆಂಬ ಎರಡು ಕೋಣೆಗಳಲ್ಲಿ ಮಾತ್ರ. 1966ರಲ್ಲಿ ಆರಂಭವಾದ ಕಲಬುರಗಿ ಆಕಾಶವಾಣಿಯು ಮೂರನೆಯ ಕೋಣೆಯಾಗಿ ಒದಗಿದ್ದುಂಟು. ಈ ಮೂರರಲ್ಲಿ ಎರಡು ಕಡೆ ಮಾತು ಯಂತ್ರದ ಮೂಲಕ ಬರುವಂತಾಗಿರುವಾಗ, ಆ ಯಂತ್ರ ಅಕ್ಷರಗಳನ್ನು ಹೇಗೆ ನಡೆಸಿಕೊಳ್ಳುತ್ತದೆ ಎಂಬುದನ್ನು ಪೋಷಕರು ಕೇಳಲೇಬೇಕು.

ಈ ಪ್ರಶ್ನೆಗೆ 1946ರಲ್ಲಿಯೇ ಅಮೆರಿಕದ ಜೆ.ಸಿ.ಆರ್. ಲಿಕ್‌ಲೈಡರ್ ಎಂಬ ವಿದ್ವಾಂಸರು ಒಂದು ವಿಸ್ಮಯಕರ ಉತ್ತರ ಕೊಟ್ಟಿದ್ದಾರೆ. ಧ್ವನಿಯ ಅಲೆಯ ಶಿಖರಗಳನ್ನು ಕತ್ತರಿಸಿಹಾಕಿದರೆ ಮಾತು ಕರ್ಕಶವಾಗುತ್ತದೆ, ಆದರೆ ಬಹುಮಟ್ಟಿಗೆ ಅರ್ಥವಾಗುತ್ತಲೇ ಇರುತ್ತದೆ. ಅದೇ ಅಲೆಯ ನಡುಭಾಗವನ್ನು, ಎಂದರೆ ಶೂನ್ಯದ ಆಸುಪಾಸಿನ ಸಣ್ಣ ಏರಿಳಿತಗಳನ್ನು ತೆಗೆದುಹಾಕಿದರೆ, ಕತ್ತರಿಸಿದ ಪಾಲು ಅಲ್ಪವೇ ಆಗಿದ್ದರೂ ಮಾತು ತಿಳಿಯದಂತಾಗಿಬಿಡುತ್ತದೆ. ಕಾರಣ ಸರಳ. ಸ್ವರಗಳು ದೊಡ್ಡ ದನಿಯವು; ವ್ಯಂಜನಗಳು ಮೆಲುದನಿಯವು. ಶಿಖರ ಕತ್ತರಿಸಿದರೆ ಸ್ವರಕ್ಕೆ ಗಾಯವಾಗುತ್ತದೆ. ನಡು ಕತ್ತರಿಸಿದರೆ ವ್ಯಂಜನವೇ ಸಾಯುತ್ತದೆ. ಕನ್ನಡದಲ್ಲಿ ಲ-ಳ, ನ-ಣ, ಸ-ಶ ಭೇದಗಳೆಲ್ಲ ಈ ಮೆಲುದನಿಯ ಪ್ರದೇಶದಲ್ಲಿಯೇ, ಅಕ್ಷರದಿಂದ ಅಕ್ಷರಕ್ಕೆ ದಾಟುವ ಒಂದು ಕ್ಷಣದ ಅಂಚಿನಲ್ಲಿಯೇ ಅಡಗಿವೆ. ‘ಕಲೆ’ಯನ್ನು ‘ಕಳೆ’ಯಿಂದ ಬೇರ್ಪಡಿಸುವುದು ಅಷ್ಟೇ ಎಳೆಯ ಅಂತರ.

ಅಲೆಯ ನಡುಭಾಗವನ್ನು ಹಾಳುಮಾಡುವ ದೋಷ ಟ್ರಾನ್ಸಿಸ್ಟರ್ ವರ್ಧಕಗಳಿಗೆ ಹುಟ್ಟಿನಿಂದಲೇ ಅಂಟಿಕೊಂಡು ಬಂದದ್ದು. ಸಾಧಾರಣ ವರ್ಧಕದ ಕೊನೆಯ ಹಂತದಲ್ಲಿ ಎರಡು ಟ್ರಾನ್ಸಿಸ್ಟರುಗಳಿರುತ್ತವೆ. ಅಲೆ ಮೇಲೇರಿದಾಗ ಒಂದು ದುಡಿಯುತ್ತದೆ, ಕೆಳಗಿಳಿದಾಗ ಇನ್ನೊಂದು. ಒಂದೇ ಒರಳಿಗೆ ಇಬ್ಬರು ಹೆಣ್ಣುಮಕ್ಕಳು ಸರದಿಯಂತೆ ಒನಕೆ ಹಾಕುವಾಗ ಒಬ್ಬರ ಕೈ ತುಸು ತಡವಾದರೆ ಏಟಿನ ಲಯ ತಪ್ಪುತ್ತದೆಯಷ್ಟೆ. ಇಲ್ಲಿಯೂ ಒಂದು ಟ್ರಾನ್ಸಿಸ್ಟರ್ ಬಿಟ್ಟು ಇನ್ನೊಂದು ಹಿಡಿಯುವ ಶೂನ್ಯಬಿಂದುವಿನಲ್ಲಿ ಒಂದು ಮುಗ್ಗರಿಕೆ ಉಂಟಾಗುತ್ತದೆ. ದೊಡ್ಡ ದನಿಯಲ್ಲಿ ಅದು ಮರೆಯಾಗಬಹುದು. ಸಣ್ಣ ದನಿಯಲ್ಲಿ ಅಲೆಯೆಲ್ಲ ಆ ಮುಗ್ಗರಿಕೆಯೇ ಆಗಿರುತ್ತದೆ.

ಇದಕ್ಕೆ ‘ಎ’ ವರ್ಗದ ವರ್ಧಕ ಎಂಬ ಹಳೆಯ ಪರಿಹಾರವಿದೆ. ಅದರಲ್ಲಿ ಎರಡು ಟ್ರಾನ್ಸಿಸ್ಟರುಗಳೂ ಸದಾಕಾಲ ಕೆಲಸದಲ್ಲಿರುತ್ತವೆ. ಬಡಿಗರಿಬ್ಬರು ಉದ್ದ ಗರಗಸದ ಎರಡು ತುದಿ ಹಿಡಿದಂತೆ, ಒಬ್ಬರು ಎಳೆದಾಗ ಇನ್ನೊಬ್ಬರು ಬಿಟ್ಟುಕೊಡುತ್ತಾರೆ, ಆದರೆ ಯಾರೂ ಹಿಡಿಯಿಂದ ಕೈ ತೆಗೆಯುವುದಿಲ್ಲ. ಕೈ ಬದಲಾಗುವ ಕ್ಷಣವೇ ಇಲ್ಲದ್ದರಿಂದ ಮುಗ್ಗರಿಕೆಯೂ ಇಲ್ಲ. ಇದರ ದಂಡವೆಂದರೆ ಬಿಸಿ. ಯಾರೂ ಮಾತಾಡದೆ ಇರುವಾಗಲೂ ವಿದ್ಯುತ್ತು ಹರಿಯುತ್ತಲೇ ಇರಬೇಕು.

ಈ ವರ್ಗದ ಅತ್ಯಂತ ಪ್ರಸಿದ್ಧ ಮನೆಗೆಲಸದ ನಕ್ಷೆಯು ಲಂಡನ್ನಿನ ‘ವೈರ್‌ಲೆಸ್ ವರ್ಲ್ಡ್’ ಮಾಸಪತ್ರಿಕೆಯ 1969ರ ಏಪ್ರಿಲ್ ಸಂಚಿಕೆಯಲ್ಲಿ ಪ್ರಕಟವಾಯಿತು. ರಚಿಸಿದವರು ಜಾನ್ ಲಿನ್ಸ್ಲೆ ಹುಡ್. ಅದಕ್ಕೆ ಇಪ್ಪತ್ತೆರಡು ವರ್ಷಗಳ ಹಿಂದೆ, 1947ರಲ್ಲಿ, ಅದೇ ಪತ್ರಿಕೆಯಲ್ಲಿ ಡಿ.ಟಿ.ಎನ್. ವಿಲಿಯಮ್ಸನ್ ಎಂಬವರು 15 ವಾಟಿನ ಒಂದು ವಾಲ್ವ್ ವರ್ಧಕವನ್ನು ವಿವರಿಸಿದ್ದರು. ಅದು ಜಗತ್ತಿನೆಲ್ಲೆಡೆ ಹವ್ಯಾಸಿಗಳ ಪಾಲಿಗೆ ಪ್ರಮಾಣಗ್ರಂಥದಂತಾಗಿತ್ತು. ಆದರೆ ಅದರ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಸುತ್ತುವುದು ಸುಲಭವಾಗಿರಲಿಲ್ಲ, ಕೊಳ್ಳುವುದು ಅಗ್ಗವಾಗಿರಲಿಲ್ಲ. ಲಿನ್ಸ್ಲೆ ಹುಡ್ ವಿಲಿಯಮ್ಸನ್ನರ ವರ್ಧಕವನ್ನೇ ಒರೆಗಲ್ಲಾಗಿ ಇಟ್ಟುಕೊಂಡು, ಅದರ ಸಮಕ್ಕೆ ನಿಲ್ಲುವಂಥದ್ದನ್ನು ಟ್ರಾನ್ಸ್‌ಫಾರ್ಮರಿನ ಹಂಗಿಲ್ಲದೆ, ಕೇವಲ ನಾಲ್ಕು ಟ್ರಾನ್ಸಿಸ್ಟರುಗಳಲ್ಲಿ ಸಾಧಿಸಹೊರಟರು. 8 ಓಮ್ ಸ್ಪೀಕರಿಗೆ 27 ವೋಲ್ಟ್, 1.2 ಆಂಪಿಯರ್ ನಿರಂತರ ಪ್ರವಾಹ, 10 ವಾಟ್ ಧ್ವನಿ: ಇದು ಅವರ ಲೆಕ್ಕ. 32 ವಾಟ್ ನುಂಗಿ 10 ವಾಟ್ ಉಗುಳುವ ಯಂತ್ರವನ್ನು ಯಾವ ಕಾರ್ಖಾನೆಯ ಲೆಕ್ಕಿಗನೂ ಒಪ್ಪಲಾರ. ಮನೆಯಲ್ಲಿ ಕಟ್ಟುವವನು ಒಪ್ಪಿದ. ಐದು ದಶಕ ಕಳೆದರೂ ಒಪ್ಪುತ್ತಲೇ ಇದ್ದಾನೆ. 1996ರಲ್ಲಿ ಲಿನ್ಸ್ಲೆ ಹುಡ್ ಸ್ವತಃ ಅದೇ ನಕ್ಷೆಗೆ ಮರಳಿ ಬಂದು ಅದನ್ನು ಹೊಸ ಕಾಲಕ್ಕೆ ತಿದ್ದಿದರು.

ಮನೆಯಲ್ಲಿ ಕೂತು ಧ್ವನಿಯಂತ್ರ ಕಟ್ಟುವುದು ವಿಲಾಯತಿಯವರ ಹವ್ಯಾಸವೆಂದು ಭಾವಿಸಬೇಕಾಗಿಲ್ಲ. 1935ರಲ್ಲಿ ಮೈಸೂರಿನ ಮಹಾರಾಜ ಕಾಲೇಜಿನ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ.ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಿಂದಲೇ 30 ವಾಟಿನ ಪ್ರೇಷಕವೊಂದನ್ನು ನಡೆಸಿ ಬಾನುಲಿ ಪ್ರಸಾರ ಆರಂಭಿಸಿದರು. ‘ಆಕಾಶವಾಣಿ’ ಎಂಬ ಹೆಸರು ದೇಶಕ್ಕೆ ಬಂದದ್ದು ಆ ಮನೆಯ ಕಡೆಯಿಂದ. ಬಿಡಿಭಾಗಗಳ ಮಾತಿಗೆ ಬಂದರೂ ಹಾಗೆಯೇ. 1954ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿತವಾದ ಭಾರತ್ ಎಲೆಕ್ಟ್ರಾನಿಕ್ಸ್ ಮುಂದಿನ ದಶಕದಲ್ಲಿ ಟ್ರಾನ್ಸಿಸ್ಟರು ತಯಾರಿಸತೊಡಗಿತು. ‘ಬೆಲ್’ ಎಂಬ ಮೂರಕ್ಷರ ಹೊತ್ತ ಲೋಹದ ಟೊಪ್ಪಿಗೆಯ ಟ್ರಾನ್ಸಿಸ್ಟರುಗಳನ್ನು ಹಳೆಯ ರೇಡಿಯೋ ರಿಪೇರಿಯವರು ಇಂದಿಗೂ ಡಬ್ಬಿಯಲ್ಲಿಟ್ಟು ಕಾಯುತ್ತಾರೆ.

ಇನ್ನು ಧಾರೂರಿನ ಮಾತು. ಅಲ್ಲಿಯ ಒಬ್ಬ ತಂದೆ, ಹತ್ತನೆಯ ತರಗತಿಯ ಮಗಳನ್ನು ಜೊತೆಗಿಟ್ಟುಕೊಂಡು, ಬೇಸಿಗೆಯ ರಜೆಯಲ್ಲಿ ಶಾಲೆಯ ಕೋಣೆಯೊಂದಕ್ಕಾಗಿ ಈ ವರ್ಧಕವನ್ನು ಕಟ್ಟಲು ಹೊರಟನೆಂದು ಇಟ್ಟುಕೊಳ್ಳೋಣ. ಲಂಡನ್ನಿನ ನಕ್ಷೆಯನ್ನು ಇದ್ದಂತೆಯೇ ನಕಲು ಮಾಡಿದರೆ ನಡೆಯದು. ಮೂರು ಕಡೆ ಬದಲಾಯಿಸಬೇಕು.

ಮೊದಲನೆಯದು ವಿದ್ಯುತ್ತಿನ ಮೂಲ. ಮೂಲ ನಕ್ಷೆಗೆ ಟ್ರಾನ್ಸ್‌ಫಾರ್ಮರ್ ಬೇಕು, ಎಂದರೆ ಪೆಟ್ಟಿಗೆಯೊಳಗೆ 230 ವೋಲ್ಟಿನ ತಂತಿ ಬೇಕು. ಮಗು ಕೈಯಿಡುವ ಪೆಟ್ಟಿಗೆಯಲ್ಲಿ 230 ವೋಲ್ಟ್ ಇರಕೂಡದು. ಈ ವಿಷಯದಲ್ಲಿ ಎರಡನೆಯ ಅಭಿಪ್ರಾಯಕ್ಕೆ ಎಡೆಯಿಲ್ಲ. ಆದ್ದರಿಂದ ಪೂರ್ತಿ ಮುಚ್ಚಿದ, ಪ್ರಮಾಣಮುದ್ರೆಯುಳ್ಳ, 24 ವೋಲ್ಟ್ 3 ಆಂಪಿಯರಿನ ಸಿದ್ಧ ಅಡಾಪ್ಟರ್ ಕೊಂಡು, ಅದನ್ನು ಪೆಟ್ಟಿಗೆಯ ಹೊರಗೇ ಇರಿಸಬೇಕು. ಇಂಥ ಅಡಾಪ್ಟರುಗಳು ತುಸು ಸುಯ್ಯೆನ್ನುವುದುಂಟು. ಪ್ರವೇಶದಲ್ಲಿ ಒಂದು ತಂತಿಸುರುಳಿಯನ್ನೂ ಒಂದು ದೊಡ್ಡ ಕಂಡೆನ್ಸರನ್ನೂ ಇಟ್ಟರೆ ಬಹುಪಾಲು ಅಡಗುತ್ತದೆ. 27ರ ಬದಲು 24 ವೋಲ್ಟ್ ಆದ್ದರಿಂದ 10 ವಾಟಿನ ಬದಲು 7 ವಾಟ್ ದೊರೆಯುತ್ತದೆ. ಕಿವಿಗೆ ಈ ಅಂತರ ಒಂದೂವರೆ ಡೆಸಿಬೆಲ್ ಮಾತ್ರ, ಹೇಳದಿದ್ದರೆ ತಿಳಿಯದು.

ಎರಡನೆಯದು ಟ್ರಾನ್ಸಿಸ್ಟರುಗಳು. ಲಿನ್ಸ್ಲೆ ಹುಡ್ ಬಳಸಿದವು ಇಂದು ಸಿಗುವುದು ದುರ್ಲಭ. ಕೊನೆಯ ಹಂತಕ್ಕೆ ಹೈದರಾಬಾದಿನ ಕೋಠಿಯ ಗುಜರಾತಿ ಗಲ್ಲಿಯಲ್ಲಿ ದೊರೆಯುವ ‘2ಎನ್3055’ ಎರಡು, ನಡುವಿನ ಹಂತಕ್ಕೆ ನಮ್ಮ ಕಾಲೇಜುಗಳ ಪ್ರಯೋಗಶಾಲೆಗಳಲ್ಲೆಲ್ಲ ಕಾಣುವ ‘ಎಸ್‌ಎಲ್100’ ಒಂದು, ಮೊದಲ ಹಂತಕ್ಕೆ ‘ಬಿಸಿ557’ ಒಂದು. 2ಎನ್3055 ಎಂಬುದು 115 ವಾಟ್ ತಾಳಿಕೊಳ್ಳುವ, 15 ಆಂಪಿಯರ್ ಹರಿಸಬಲ್ಲ ಎತ್ತು. ಇಲ್ಲಿ ಅದರ ಹೆಗಲ ಮೇಲೆ ಬೀಳುವುದು 12 ವಾಟ್. ಆದರೂ ಸುಟ್ಟುಹೋಯಿತೆಂದರೆ ಬಹುಶಃ ಅದು 2ಎನ್3055 ಆಗಿರಲೇ ಇಲ್ಲ. ಹಳೆಯ ಗುರುತು ಒರೆಸಿ ಹೊಸ ಹೆಸರು ಮುದ್ರಿಸಿದ ನಕಲಿ ಟ್ರಾನ್ಸಿಸ್ಟರುಗಳ ಪಿಡುಗು ಲೋಕವ್ಯಾಪಿಯಾದದ್ದು. ಎರಡನ್ನೂ ಒಂದೇ ಕಡೆ, ಒಂದೇ ಸರಕಿನಿಂದ ಕೊಳ್ಳುವುದು, ತೀರ ಅಗ್ಗವಾದದ್ದನ್ನು ಬಿಡುವುದು, ಮತ್ತು ಚಿಕ್ಕ ಮೊತ್ತವೆಂದು ಸಂಕೋಚಪಡದೆ ರಸೀದಿ ಕೇಳುವುದು ವಿವೇಕ. ರಸೀದಿಯಿಲ್ಲದ ಗ್ರಾಹಕನಿಗೆ 2019ರ ಗ್ರಾಹಕ ಸಂರಕ್ಷಣಾ ಅಧಿನಿಯಮ ಕೂಡ ದೂರದ ನೆಂಟ.

ಅಂಗಡಿಗೆ ಮಗಳನ್ನೂ ಕರೆದೊಯ್ಯುವುದು ಒಳಿತು. ಅವಳ ಪುಸ್ತಕದಲ್ಲಿ ‘ರೋಧಕ’ ಎಂದಿರುವುದನ್ನು ಗಲ್ಲಿಯವರು ರೆಸಿಸ್ಟೆನ್ಸ್ ಎನ್ನುತ್ತಾರೆ; ‘ಧಾರಕ’ ಎಂದರೆ ಕಂಡೆನ್ಸರ್. ಕನ್ನಡದಲ್ಲಿ ಓದಿದ ಮಕ್ಕಳು ಮುಂದೆ ಪಾಲಿಟೆಕ್ನಿಕ್ಕಿಗೆ ಹೋದಾಗ ಮೊದಲ ತಿಂಗಳು ಮೂಕರಾಗಿ ಕೂರುವುದು ವಿಷಯ ಬಾರದೆ ಅಲ್ಲ, ಬಲ್ಲ ವಸ್ತುವನ್ನೇ ಅಪರಿಚಿತ ಹೆಸರಿನಲ್ಲಿ ಕೇಳಿ. ಧಾರಕವನ್ನು ಒಮ್ಮೆ ಕಂಡೆನ್ಸರೆಂದು ಕೇಳಿ, ಕೊಂಡು, ಅಂಗೈಯಲ್ಲಿ ಹಿಡಿದವಳಿಗೆ ಎರಡು ಹೆಸರೂ ತನ್ನವೇ ಆಗುತ್ತವೆ.

ಮೂರನೆಯ ಬದಲಾವಣೆಯೇ ಎಲ್ಲಕ್ಕಿಂತ ಮುಖ್ಯವಾದದ್ದು, ಅದು ಧಾರೂರಿನ ಬಿಸಿಲಿಗೆ ಸಂಬಂಧಿಸಿದ್ದು. 24 ವೋಲ್ಟಿನಲ್ಲಿ 1 ಆಂಪಿಯರ್ ಹರಿದರೆ 24 ವಾಟ್ ಶಾಖ. ಇಂಗ್ಲೆಂಡಿನ ಕೋಣೆಯ ಉಷ್ಣತೆ 20 ಡಿಗ್ರಿ ಎಂದಿಟ್ಟುಕೊಂಡರೆ ಅಲ್ಲಿಯ ಹೀಟ್‌ಸಿಂಕು 30 ಡಿಗ್ರಿ ಮೇಲೇರಿದರೂ 50ಕ್ಕೆ ನಿಲ್ಲುತ್ತದೆ. ಇಲ್ಲಿ ಮೇ ತಿಂಗಳ ಮಧ್ಯಾಹ್ನ ಕೋಣೆಯೇ 42 ಡಿಗ್ರಿ ಇದ್ದರೆ ಅದೇ ಲೋಹ 72ಕ್ಕೆ ಮುಟ್ಟುತ್ತದೆ. ಲೆಕ್ಕ ಹೀಗೆ: 30 ಡಿಗ್ರಿಯ ಏರಿಕೆಯನ್ನು 24 ವಾಟಿನಿಂದ ಭಾಗಿಸಿದರೆ ಒಂದು ವಾಟಿಗೆ 1.25 ಡಿಗ್ರಿ. ಹೀಟ್‌ಸಿಂಕಿನ ಮೇಲೆ ನಮೂದಾಗಿರುವ ಅಂಕಿ ಇದಕ್ಕಿಂತ ಕಡಿಮೆಯಿರಬೇಕು, 0.8 ಅಥವಾ 1 ಇದ್ದರೆ ನಿಶ್ಚಿಂತೆ. ಅಂಗೈಯಗಲದ ಅಲ್ಯೂಮಿನಿಯಂ ತುಂಡು ಸಾಲದು. ರೆಕ್ಕೆಗಳು ಲಂಬವಾಗಿ ನಿಲ್ಲುವಂತೆ, ಗಾಳಿ ಕೆಳಗಿನಿಂದ ಏರುವಂತೆ ಇರಿಸಬೇಕು. ಪೀಠಕ್ಕೆ ಮರದ ಹಲಗೆ ಬೇಡ. ತಾಂಡೂರಿನ ಫರಸಿ ಮನೆಯಂಗಳದಲ್ಲಿಯೇ ಬಿದ್ದಿರುವಾಗ ಅದಕ್ಕಿಂತ ಒಳ್ಳೆಯ ಪೀಠ ಲಂಡನ್ನಿನಲ್ಲಿಯೂ ಸಿಗದು. 70 ಡಿಗ್ರಿಯ ಲೋಹ ಎಳೆಯ ಬೆರಳನ್ನು ಕ್ಷಣದಲ್ಲಿ ಸುಡುವುದರಿಂದ ಮೇಲೆ ತಂತಿಜಾಲರಿಯ ಮುಚ್ಚಳ ಕಡ್ಡಾಯ.

“ಅಪ್ಪಾ, ಹಾಡು ಇಲ್ದಾಗೂ ಇದು ಯಾಕ ಇಷ್ಟು ಬಿಸಿ ಅದ?” ಎಂದು ಮಗಳು ಕೇಳಿಯೇ ಕೇಳುತ್ತಾಳೆ.

“ಇದು ಸುಮ್ನ ಕುಂತಾಗೂ ದುಡೀತದವ್ವ. ಹಾಡು ಹಚ್ಚಿ ನೋಡು, ತುಸು ತಣ್ಣಗಾಗ್ತದ.”

ಇದು ವಿನೋದವಲ್ಲ, ನಿಜ. ಮೂಲದಿಂದ ಬರುವ ಶಕ್ತಿ ಸದಾ ಒಂದೇ ಪ್ರಮಾಣದ್ದು. ಧ್ವನಿ ಹೊರಟಾಗ ಅದರಲ್ಲೊಂದು ಪಾಲು ಸ್ಪೀಕರಿಗೆ ಹೋಗುತ್ತದೆ, ಟ್ರಾನ್ಸಿಸ್ಟರಿಗೆ ಉಳಿಯುವುದು ಅಷ್ಟು ಕಡಿಮೆ. ಶಕ್ತಿಯ ಸಂರಕ್ಷಣೆಯ ನಿಯಮವನ್ನು ಕಂಠಪಾಠ ಮಾಡಿದ ಮಗುವಿಗೆ ಬೆರಳ ತುದಿಯಲ್ಲಿ ಅದನ್ನು ಪರೀಕ್ಷಿಸುವ ಅವಕಾಶ ಇಷ್ಟು ಸುಲಭವಾಗಿ ಬೇರೆಲ್ಲಿ ಸಿಕ್ಕೀತು? ಕರೆಂಟು ಬಿಲ್ಲಿನ ಭಯವಿದ್ದವರಿಗೊಂದು ಮಾತು: ದಿನಕ್ಕೆರಡು ಗಂಟೆಯಂತೆ ನಡೆಸಿದರೆ ತಿಂಗಳಿಗೆ ಎರಡು ಯುನಿಟ್ಟೂ ಆಗದು. ತಲೆಯ ಮೇಲೆ ತಿರುಗುವ ಫ್ಯಾನು ಇದರ ಎರಡರಷ್ಟು ತಿನ್ನುತ್ತದೆ.

ನಕ್ಷೆಯ ಒಳಗನ್ನು ಮಗಳು ಒಂದು ಸಂಜೆಯಲ್ಲಿ ಗ್ರಹಿಸಬಲ್ಲಳು. ಮೊದಲ ಟ್ರಾನ್ಸಿಸ್ಟರು ಒಂದು ಕಿವಿಯಿಂದ ಮೊಬೈಲಿನ ಧ್ವನಿಯನ್ನು ಕೇಳುತ್ತದೆ. ಇನ್ನೊಂದು ಕಿವಿಯಿಂದ ವರ್ಧಕವೇ ಹೊರಗೆ ಕಳುಹಿಸಿದ ಧ್ವನಿಯ ಒಂದಂಶವನ್ನು. ಎರಡಕ್ಕೂ ತಾಳೆಯಾಗದಿದ್ದರೆ ಆ ವ್ಯತ್ಯಾಸವನ್ನು ಎರಡನೆಯದಕ್ಕೆ ದಾಟಿಸುತ್ತದೆ. ಎರಡನೆಯದು ಮೇಲಿನ ಮತ್ತು ಕೆಳಗಿನ ದೊಡ್ಡ ಟ್ರಾನ್ಸಿಸ್ಟರುಗಳಿಗೆ ಪರಸ್ಪರ ವಿರುದ್ಧವಾದ ಅಪ್ಪಣೆ ಕೊಡುತ್ತದೆ. ಒಂದಕ್ಕೆ ಎಳೆ, ಇನ್ನೊಂದಕ್ಕೆ ಬಿಡು. ಎಷ್ಟು ಪಟ್ಟು ವರ್ಧಿಸಬೇಕೆಂಬುದನ್ನು ನಿರ್ಧರಿಸುವುವು ಎರಡೇ ರೋಧಕಗಳು: 2,700 ಓಮ್ ಮತ್ತು 220 ಓಮ್. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿ ಒಂದು ಕೂಡಿಸಿದರೆ 13 ಚಿಲ್ಲರೆ. ಇಡೀ ಯಂತ್ರದ ಗುಣ ಒಂದು ಭಾಗಾಕಾರದಲ್ಲಿದೆ.

ಸ್ಪೀಕರಿಗೂ ವರ್ಧಕಕ್ಕೂ ನಡುವೆ ಮೂಲ ನಕ್ಷೆಯಲ್ಲಿ ಒಂದು ದೊಡ್ಡ ಕಂಡೆನ್ಸರಿದೆ, 2,500 ಮೈಕ್ರೋಫ್ಯಾರಡಿನದು; ಇಂದು 2,200ರದ್ದೋ 3,300ರದ್ದೋ ಸಿಗುತ್ತದೆ. ಹೊಸ ಕಾಲದ ರಸಿಕರು ಇದು ಧ್ವನಿಗೆ ಅಡ್ಡಿಯೆಂದು ಕಿತ್ತೆಸೆದು ಎರಡು ಧ್ರುವದ ವಿದ್ಯುತ್ ಮೂಲ ಜೋಡಿಸುತ್ತಾರೆ. ಶಾಲೆಯ ವರ್ಧಕಕ್ಕೆ ಅದು ಸಲ್ಲದು. ಟ್ರಾನ್ಸಿಸ್ಟರೊಂದು ಸುಟ್ಟುಹೋದ ದಿನ ನೇರ ವಿದ್ಯುತ್ತು ಸ್ಪೀಕರಿನೊಳಗೆ ನುಗ್ಗದಂತೆ ತಡೆಯುವ ಕಾವಲುಗಾರ ಅದು. ಆರಂಭಿಸಿದಾಗ ಸ್ಪೀಕರಿನಲ್ಲಿ ಒಮ್ಮೆ ದೊಪ್ಪೆಂದು ಸದ್ದಾಗುವುದೊಂದೇ ಅದರ ಲೋಪ, ಸಹಿಸಿಕೊಳ್ಳಬಹುದು.

ಜೋಡಣೆಯಲ್ಲಿ ಅನುಭವಿಗಳೂ ಎಡವುವ ಸ್ಥಳ ಅಭ್ರಕದ ಹಾಳೆ. 2ಎನ್3055ರ ಲೋಹದ ಮೈ ಬರಿಯ ಹೊದಿಕೆಯಲ್ಲ, ಅದೇ ಅದರ ಕಲೆಕ್ಟರ್. ಎರಡನ್ನೂ ಒಂದೇ ಹೀಟ್‌ಸಿಂಕಿಗೆ ನೇರವಾಗಿ ಬಿಗಿದರೆ 24 ವೋಲ್ಟೂ ಹೊರದಾರಿಯೂ ಒಂದಾಗಿಬಿಡುತ್ತವೆ. ನಡುವೆ ಅಭ್ರಕದ ತೆಳುಹಾಳೆ, ಎರಡು ಮುಖಕ್ಕೂ ಬಿಳಿ ಗ್ರೀಸಿನ ತೆಳುವಾದ ಲೇಪ, ಸ್ಕ್ರೂಗಳಿಗೆ ಪ್ಲಾಸ್ಟಿಕ್ ತೋಳು. ಬಿಗಿದ ಮೇಲೆ ಮಲ್ಟಿಮೀಟರಿನಿಂದ ಟ್ರಾನ್ಸಿಸ್ಟರಿನ ಮೈಗೂ ಹೀಟ್‌ಸಿಂಕಿಗೂ ಸಂಪರ್ಕವಿಲ್ಲವೆಂದು ಖಚಿತಪಡಿಸಿಕೊಳ್ಳದೆ ಮುಂದಡಿಯಿಡಬಾರದು. ಕಂಡೆನ್ಸರುಗಳ ಧನ-ಋಣ ತುದಿಗಳನ್ನು ಬೆಸುಗೆ ಹಾಕುವವರೊಬ್ಬರು, ಪರಿಶೀಲಿಸುವವರು ಇನ್ನೊಬ್ಬರು ಎಂದು ಹಂಚಿಕೊಳ್ಳಬೇಕು. ತಿರುವುಮುರುವಾದ ಕಂಡೆನ್ಸರು ಸಿಡಿಯುತ್ತದೆ. ಬೆಸುಗೆಯ ಹೊಗೆ ಮುಖಕ್ಕೆ ಬಾರದಂತೆ ಕಿಟಕಿಯ ಬಳಿ ಕೂರುವುದು, ಎದ್ದ ಮೇಲೆ ಕೈ ತೊಳೆದೇ ರೊಟ್ಟಿ ಮುಟ್ಟುವುದು.

ಮೊದಲ ಸಲ ವಿದ್ಯುತ್ತು ಕೊಡುವ ಗಳಿಗೆಗೆ ಒಂದು ಲಾರಿಯ ಬಲ್ಬು ಬೇಕು. 24 ವೋಲ್ಟ್, 21 ವಾಟಿನದು. ಹೆದ್ದಾರಿಯ ಬದಿಯ ಯಾವ ಬ್ಯಾಟರಿ ಅಂಗಡಿಯಲ್ಲಿಯೂ ಸಿಗುತ್ತದೆ. ಅಡಾಪ್ಟರಿಗೂ ವರ್ಧಕಕ್ಕೂ ನಡುವೆ ಅದನ್ನು ಸರಣಿಯಲ್ಲಿ ಜೋಡಿಸಬೇಕು. ಸ್ಪೀಕರಿನ ಬದಲು ಸದ್ಯಕ್ಕೆ 8 ಓಮಿನ, 10 ವಾಟಿನ ರೋಧಕ. ಸ್ವಿಚ್ ಹಾಕಿದೊಡನೆ ಬಲ್ಬು ಒಮ್ಮೆ ಮಿಂಚಿ ಮಂದವಾದರೆ ಎಲ್ಲವೂ ಕುಶಲ. ಪೂರ್ಣ ಪ್ರಕಾಶದಿಂದ ಉರಿಯುತ್ತಲೇ ಇದ್ದರೆ ಎಲ್ಲೋ ತಪ್ಪಾಗಿದೆ, ಆರಿಸಿ ಹುಡುಕಬೇಕು. ಆಗ ಸುಡುವ ಶಕ್ತಿಯೆಲ್ಲ ಬಲ್ಬಿನಲ್ಲಿ ಖರ್ಚಾಗಿರುತ್ತದೆ, ಟ್ರಾನ್ಸಿಸ್ಟರು ಉಳಿದಿರುತ್ತದೆ. ಎರಡು ದೊಡ್ಡ ಟ್ರಾನ್ಸಿಸ್ಟರುಗಳು ಕೂಡುವ ಮಧ್ಯಬಿಂದುವಿನಲ್ಲಿ ಒಟ್ಟು ವೋಲ್ಟೇಜಿನ ಅರ್ಧ ತೋರುವಂತೆ ಮೊದಲ ಹಂತದ ಪ್ರೀಸೆಟ್ಟನ್ನು ತಿರುಗಿಸಬೇಕು.

ಅನಂತರ ಬಲ್ಬನ್ನು ತೆಗೆದು ಪ್ರವಾಹವನ್ನು ಹೊಂದಿಸುವ ಕೆಲಸ. ಇಲ್ಲೊಂದು ತೊಡಕಿದೆ, ಅನೇಕರು ಇದರಿಂದಲೇ ನಿರಾಶರಾಗಿ ಕೈಬಿಡುತ್ತಾರೆ. ಲಿನ್ಸ್ಲೆ ಹುಡ್ ಸೂಚಿಸಿದ 100 ಮತ್ತು 560 ಓಮಿನ ರೋಧಕಗಳ ಜೋಡಿ ಅವರ ಟ್ರಾನ್ಸಿಸ್ಟರುಗಳಿಗೆ ಹೊಂದಿದ್ದು. ನಮ್ಮ 2ಎನ್3055 ಸ್ವಭಾವತಃ ಆಲಸಿ. ಅದೇ ಕೆಲಸಕ್ಕೆ ಹೆಚ್ಚು ಪ್ರಚೋದನೆ ಬೇಡುತ್ತದೆ. 660 ಓಮಿನಲ್ಲಿ ಅರ್ಧ ಆಂಪಿಯರಿನ ಸುತ್ತಲೇ ನಿಂತುಬಿಡಬಹುದು. ಆದ್ದರಿಂದ 560ರ ಸ್ಥಾನದಲ್ಲಿ 180 ಓಮಿನ ರೋಧಕವನ್ನೂ ಅದರೊಡನೆ ಸರಣಿಯಲ್ಲಿ 500 ಓಮಿನ ಪ್ರೀಸೆಟ್ಟನ್ನೂ ಇಟ್ಟು, ಪ್ರೀಸೆಟ್ಟನ್ನು ಗರಿಷ್ಠದಿಂದ ಆರಂಭಿಸಿ ನಿಧಾನವಾಗಿ ಇಳಿಸುತ್ತ ಮಲ್ಟಿಮೀಟರಿನಲ್ಲಿ 1 ಆಂಪಿಯರ್ ಬಂದಾಗ ನಿಲ್ಲಿಸಬೇಕು. ಅರ್ಧ ಗಂಟೆ ಬಿಟ್ಟು, ಎಲ್ಲವೂ ಬಿಸಿಯಾದ ಮೇಲೆ ಮತ್ತೆ ಅಳೆದರೆ ಏರಿರುವುದು ಕಾಣುತ್ತದೆ. ಆಗ ಪುನಃ ಇಳಿಸಬೇಕು. ಕೊನೆಗೆ ಪ್ರೀಸೆಟ್ಟನ್ನು ಬಿಚ್ಚಿ, ಅದರ ಮೌಲ್ಯ ಅಳೆದು, ಅಷ್ಟೇ ಓಮಿನ ಅರ್ಧ ವಾಟಿನ ರೋಧಕವನ್ನು ಬೆಸೆದುಬಿಡುವುದು ಕ್ಷೇಮ. ತಿರುಗಿಸಲು ಬರುವ ವಸ್ತು ಶಾಲೆಯಲ್ಲಿದ್ದರೆ ಯಾರಾದರೂ ತಿರುಗಿಸುತ್ತಾರೆ.

ಇಷ್ಟು ಶ್ರಮವೇಕೆ, ಬಜಾರಿನಲ್ಲಿ ‘4440’ ಎಂದು ಕೇಳಿದರೆ ಸಿದ್ಧವಾದ ಐಸಿ ಬೋರ್ಡು ಕಡಿಮೆ ಹಣಕ್ಕೆ ಸಿಗುವುದಲ್ಲ ಎಂಬ ಆಕ್ಷೇಪಣೆ ಸಹಜ, ಮತ್ತು ಅದರಲ್ಲಿ ಹುರುಳಿದೆ. ಇಂದಿನ ಒಳ್ಳೆಯ ಐಸಿಗಳಲ್ಲಿ ಆ ಹಳೆಯ ಮುಗ್ಗರಿಕೆ ಬಹುಮಟ್ಟಿಗೆ ಅಡಗಿದೆ. ತರಾತುರಿಯಲ್ಲಿ ಸ್ಪೀಕರು ನುಡಿಸಬೇಕಾದವರು ಅದನ್ನೇ ಕೊಳ್ಳಲಿ. ಕೊಳ್ಳುವಾಗ ದನಿ ಜೋರಾಗಿ ಬರುವುದನ್ನಲ್ಲ, ಮೆಲ್ಲಗೆ ನುಡಿಸಿದಾಗ ಸ್ಪಷ್ಟವಾಗಿರುವುದನ್ನು ಪರೀಕ್ಷಿಸಲಿ. ಆದರೆ ಐಸಿಯ ಒಳಗೆ ಏನು ನಡೆಯುತ್ತದೆಂದು ಮಗಳು ಕೇಳಿದರೆ ತಂದೆ ಕಪ್ಪು ಪ್ಲಾಸ್ಟಿಕ್ಕನ್ನು ತೋರಿಸಬೇಕಾಗುತ್ತದೆ. ನಾಲ್ಕು ಟ್ರಾನ್ಸಿಸ್ಟರುಗಳ ಈ ನಕ್ಷೆಯಲ್ಲಿ ಅವಳ ಬೆರಳು ಮುಟ್ಟಿದ ಪ್ರತಿಯೊಂದು ವಸ್ತುವಿಗೂ ಉತ್ತರವಿದೆ. ಕೆಟ್ಟರೆ ಅವಳೇ ರಿಪೇರಿ ಮಾಡಬಲ್ಲಳು.

ಇದರ ಮಿತಿಯನ್ನೂ ಹೇಳಬೇಕು. 7 ವಾಟ್ ಒಂದು ತರಗತಿಗೆ ಧಾರಾಳ. ಸಾಧಾರಣ 90 ಡೆಸಿಬೆಲ್ ಕ್ಷಮತೆಯ ಸ್ಪೀಕರಿನೊಡನೆ ಎಂಟು ಮೀಟರ್ ದೂರದ ಹಿಂದಿನ ಬೆಂಚಿಗೆ ಮಾತು ತಲುಪಲು ಅರ್ಧ ವಾಟೂ ಬೇಕಾಗದು, ಉಳಿದದ್ದು ಮೀಸಲು. ಶಾಲೆಯ ಮೈದಾನಕ್ಕಾಗಲಿ, ನವೆಂಬರಿನಲ್ಲಿ ನೆರೆರಾಜ್ಯದವರೂ ಬಂದು ನೆರೆಯುವ ಧಾರೂರಿನ ಜಾತ್ರೆಗಾಗಲಿ ಇದು ಒದಗುವುದಿಲ್ಲ. ಅಲ್ಲಿಯ ಕೆಲಸ ಹಾರ್ನ್ ಸ್ಪೀಕರುಗಳದು. ಮೈಕನ್ನು ನೇರವಾಗಿ ಜೋಡಿಸಿದರೂ ಪ್ರಯೋಜನವಿಲ್ಲ. ಪೂರ್ಣ ಧ್ವನಿಗೆ ಈ ವರ್ಧಕ ಅರ್ಧ ವೋಲ್ಟಿಗಿಂತ ಹೆಚ್ಚು ಕೇಳುತ್ತದೆ. ಮೈಕು ಕೊಡುವುದು ಕೆಲವು ಮಿಲಿವೋಲ್ಟ್. ನಡುವೆ ಪ್ರತ್ಯೇಕವಾದ ಪ್ರೀ-ಆಂಪ್ಲಿಫೈಯರ್ ಬೇಕು. ಮೊಬೈಲಿಗೂ ರೇಡಿಯೋದ ಇಯರ್‌ಫೋನ್ ರಂಧ್ರಕ್ಕೂ ಮಾತ್ರ ನೇರ ಸಂಬಂಧ.

ಕಾಯಿದೆಯ ದೃಷ್ಟಿಯಿಂದಲೂ ಈ ಅಲ್ಪತೆ ಒಳ್ಳೆಯದೇ. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ಶಿಕ್ಷಣಸಂಸ್ಥೆಗಳ ಸುತ್ತ ನೂರು ಮೀಟರಿನವರೆಗೆ ನಿಶ್ಶಬ್ದ ವಲಯವೆಂದು ಘೋಷಿಸಬಹುದು. ಅಂಥ ವಲಯದಲ್ಲಿ ಹಗಲಿನ ಮಿತಿ 50 ಡೆಸಿಬೆಲ್, ರಾತ್ರಿಯದು 40. ಸಕ್ಷಮ ಅಧಿಕಾರಿಯ ಲಿಖಿತ ಅನುಮತಿಯಿಲ್ಲದೆ ಧ್ವನಿವರ್ಧಕ ಹಚ್ಚುವಂತಿಲ್ಲ. ರಾತ್ರಿ ಹತ್ತರಿಂದ ಬೆಳಗಿನ ಆರರವರೆಗಿನ ನಿರ್ಬಂಧದ ವಿಚಾರದಲ್ಲಿ ಸರ್ವೋಚ್ಚ ನ್ಯಾಯಾಲಯ 2005ರ ಜುಲೈ 18ರಂದು ಕೊಟ್ಟ ತೀರ್ಪು ಸುಪ್ರಸಿದ್ಧ. ಶಾಲೆಗಳ ನೆಮ್ಮದಿಗಾಗಿ ಹುಟ್ಟಿದ ನಿಯಮವನ್ನು ವಾರ್ಷಿಕೋತ್ಸವದ ದಿನ ಶಾಲೆಗಳೇ ಮೊದಲು ಮರೆಯುತ್ತವೆ ಎಂಬುದು ಬೇರೆ ಮಾತು. ಬಾಗಿಲು ಹಾಕಿಕೊಂಡ ಕೋಣೆಯಲ್ಲಿ, ಹಿಂದಿನ ಬೆಂಚಿಗಷ್ಟೇ ತಲುಪುವ ದನಿಯಿಂದ ನೆರೆಯವರ ತಕರಾರು ಹುಟ್ಟಲಾರದು.

ವರ್ಧಕ ಸಿದ್ಧವಾದ ಮೇಲೆ ಹಾಡು ಹಚ್ಚಿ ಸಂತೋಷಪಡುವುದು ಪರೀಕ್ಷೆಯಲ್ಲ. ಹುಲಿ-ಹುಳಿ, ಕಲೆ-ಕಳೆ, ಶಾಲೆ-ಸಾಲೆ ಇಂಥ ಇಪ್ಪತ್ತೈದು ಜೋಡಿಗಳಿಂದ ಒಂದೊಂದು ಶಬ್ದವನ್ನು ಆರಿಸಿ, ಗುರುಗಳ ಕಂಠದಲ್ಲಿ ಮೊಬೈಲಿಗೆ ಮುದ್ರಿಸಿಕೊಳ್ಳಬೇಕು. ಹಳೆಯ ಸೆಟ್ಟಿನಲ್ಲಿ ಒಮ್ಮೆ, ಹೊಸದರಲ್ಲಿ ಒಮ್ಮೆ, ದನಿಯ ಮಟ್ಟವನ್ನು ಒಂದೇ ಇಟ್ಟು, ಕ್ರಮವನ್ನು ಬದಲಿಸಿ, ಯಾವುದು ಯಾವುದೆಂದು ಮಕ್ಕಳಿಗೆ ತಿಳಿಸದೆ ಕೇಳಿಸಬೇಕು. ಹಿಂದಿನ ಎರಡು ಬೆಂಚುಗಳ ಮಕ್ಕಳು ಬರೆದ ಹಾಳೆಗಳನ್ನು ಮಗಳೇ ತಿದ್ದಲಿ. ತಪ್ಪುಗಳು ಕಡಿಮೆಯಾಗದಿದ್ದರೆ ದೋಷ ಸ್ಪೀಕರಿನದೋ, ಮಾರ್ದನಿಸುವ ಬರಿಗೋಡೆಯದೋ ಎಂದು ಮುಂದಿನ ರಜೆಯಲ್ಲಿ ಶೋಧಿಸಬೇಕಾಗುತ್ತದೆ. ಕಡಿಮೆಯಾದರೆ, ಎರಡೂ ಸಂಖ್ಯೆಗಳನ್ನು, ಬಿಸಿಯಾದ ಮೇಲೆ ಅಳೆದ ಪ್ರವಾಹವನ್ನು ಮತ್ತು ಅಂದಿನ ತಾರೀಖನ್ನು ಪೆಟ್ಟಿಗೆಯ ಮುಚ್ಚಳದ ಒಳಮೈಮೇಲೆ ಬರೆದಿಡುವುದು. ಮುಂದೆಂದಾದರೂ ಅದನ್ನು ತೆರೆದು ರಿಪೇರಿಗೆ ಕೂರುವ ವಿದ್ಯಾರ್ಥಿಗೆ ಮೊದಲು ಬೇಕಾಗುವುದು ಅವೇ ಅಂಕಿಗಳು.